ರಾಮಾಂಜನೇಯ ಮಾಸ್ತರರು ಪಶ್ಚಿಮ ಬಿಟ್ಟ ದಿನ

ಆ ಶುಕ್ರವಾರ ಸಂಜೆ ರಾಮಾಂಜನೇಯ ಮಾಸ್ತರರು ಫೋನನ್ನು ಚಾರ್ಜಿಗೆ ಹಾಕಿ ಸುಮ್ಮನೆ ಕೂತಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಸುಮ್ಮನೆ ಕೂರುವುದು ಇತಿಹಾಸ ಕಲಿಸುವವರಿಗೆ ಒಗ್ಗುವ ವಿದ್ಯೆಯಲ್ಲ. ನಮ್ಮ ಗಿಣಿಗೇರಾದ ಹೈಸ್ಕೂಲಿನಲ್ಲಿ ಅವರು ಹರಪ್ಪಾದಿಂದ ಹಿಡಿದು ಹಿರೋಶಿಮಾದವರೆಗೆ ಎಲ್ಲವನ್ನೂ ಕಲಿಸುತ್ತಾರೆ. ಹಿರೋಶಿಮಾಕ್ಕೆ ಬರುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ, ಅದು ಬೇರೆ ಮಾತು.

ಮಾಸ್ತರರಿಗೆ ಜೀವನದಲ್ಲಿ ಒಂದೇ ಒಂದು ಕೊರತೆ. ಕೊಪ್ಪಳ ಜಿಲ್ಲೆಯಲ್ಲಿ ಎಲ್ಲೇ ಸಭೆ ನಡೆಯಲಿ, ವಂದನಾರ್ಪಣೆಗೆ ಅವರೇ ಬೇಕು. ಉದ್ಘಾಟನೆಗೆ ದೊಡ್ಡವರು, ಉಪನ್ಯಾಸಕ್ಕೆ ಜಾಣರು, ಅಧ್ಯಕ್ಷತೆಗೆ ದುಡ್ಡಿದ್ದವರು. ಕೊನೆಗೆ ಜನ ಚಪ್ಪಲಿ ಹುಡುಕುವಾಗ, ಪೆಂಡಾಲಿನವರು ಕುರ್ಚಿ ಮಡಚುವಾಗ ಮೈಕಿನ ಮುಂದೆ ರಾಮಾಂಜನೇಯ. ‘ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟು, ಹೊತ್ತಿಗೆ ಸರಿಯಾಗಿ ಆಗಮಿಸಿದ ಮುಖ್ಯ ಉಪನ್ಯಾಸಕರಿಗೆ’ ಎಂದು ಅವರು ರಾಗವಾಗಿ ಶುರು ಮಾಡಿದರೆ, ಎರಡು ತಾಸು ತಡವಾಗಿ ಬಂದ ಉಪನ್ಯಾಸಕರೂ ನಾಚಿಕೆಯಿಲ್ಲದೆ ಕೈ ಮುಗಿಯುತ್ತಿದ್ದರು. ಇಪ್ಪತ್ತು ವರ್ಷದಿಂದ ಇದೇ ನಡೆದಿತ್ತು. ಒಮ್ಮೆಯಾದರೂ ತಾವು ಉಪನ್ಯಾಸಕರಾಗಿ ಕೂತು ಇನ್ನೊಬ್ಬರಿಂದ ವಂದನೆ ಹೇಳಿಸಿಕೊಳ್ಳಬೇಕು ಎಂಬ ಆಸೆ ಅವರ ಎದೆಯೊಳಗೆ ಕೆಂಡದ ಹಾಗೆ ಬೂದಿ ಮುಚ್ಚಿಕೊಂಡು ಕೂತಿತ್ತು.

ಆ ಕೆಂಡಕ್ಕೆ ಗಾಳಿ ಹಾಕಿದವರು ಕೊಪ್ಪಳದ ವಿಚಾರ ಬಳಗದ ಕಾರ್ಯದರ್ಶಿ ಅಮರಪ್ಪ. ಬರಬೇಕಾದ ದೊಡ್ಡ ಉಪನ್ಯಾಸಕರು ಕೈಕೊಟ್ಟಿದ್ದರು. ರವಿವಾರ ಸಂಜೆ ಐದಕ್ಕೆ ಕೊಪ್ಪಳದಲ್ಲಿ, ‘ಪಶ್ಚಿಮದ ನಾಗರಿಕತೆ: ಉದಯ ಮತ್ತು ಅವನತಿ’ ಕುರಿತು ಮಾತಾಡಬೇಕು. ಮುಖ್ಯ ಉಪನ್ಯಾಸಕರು: ಶ್ರೀ ರಾಮಾಂಜನೇಯ! ಮಾಸ್ತರರು ಆ ಆಮಂತ್ರಣವನ್ನು ಹಿಟ್ಟಿನ ಗಿರಣಿಯವನಿಗೂ ತೋರಿಸಿ ಬಂದರು. ಹೆಂಡತಿ ಹೇಮಾವತಿ ಕುಷ್ಟಗಿಯ ತವರಿಗೆ ಫೋನು ಮಾಡಿ, ‘ನಿಮ್ಮ ಅಳಿಯಂದು ಈ ಸಲ ಕಡೀಕಲ್ಲ, ನಟ್ಟನಡುವ ಐತಿ’ ಎಂದು ಹೇಳಿಯೂ ಆಯಿತು.

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಮಾಸ್ತರರು ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಆಮಂತ್ರಣ ಹಾಕಿ ಕೆಳಗೆ ಒಂದು ಸಾಲು ಸೇರಿಸಿದರು: ‘ಪಶ್ಚಿಮದ ಕಾಲ ಮುಗಿಯಿತು. ಇನ್ನು ನಮ್ಮದೇ.’

ಗಣಿತದ ಮಾಸ್ತರ ಮಾಜೀದ ಅವರ ಜೀವದ ಗೆಳೆಯ. ಜೀವದ ಗೆಳೆಯರು ಮಾಡುವ ಕೆಲಸವನ್ನೇ ಆತ ಮಾಡಿದ. ‘ಇದನ್ನ ಯಾವ ಫೋನಿನಾಗ ಬರದಿ?’ ಎಂದು ಕೇಳಿದ.

ಗುಂಪಿನಲ್ಲಿ ನಗುವ ಮುಖಗಳು ಸಾಲುಗಟ್ಟಿ ಬಂದವು. ಯಾವಾಗಲೂ ‘ಶುಭೋದಯ’ ಬಿಟ್ಟು ಬೇರೇನೂ ಬರೆಯದ ಮುಖ್ಯೋಪಾಧ್ಯಾಯರೂ ಒಂದು ನಗುಮುಖ ಹಾಕಿದರು. ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. ‘ರವಿವಾರ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಪಶ್ಚಿಮದ ಒಂದು ವಸ್ತುವನ್ನೂ ಮುಟ್ಟುವುದಿಲ್ಲ. ಹಾಗೆಯೇ ಬಂದು ಉಪನ್ಯಾಸ ಕೊಡುತ್ತೇನೆ. ಮಾಜೀದನೇ ಪಂಚ!’ ಎಂದು ಬರೆದು ಫೋನು ಬಡಿದಿಟ್ಟರು. ಅದು ಹೇಗೋ ಅಮರಪ್ಪನವರಿಗೆ ಮುಟ್ಟಿತು. ಜನ ಸೇರಿಸಲು ಒದ್ದಾಡುತ್ತಿದ್ದ ಅವರು, ‘ವಿಶೇಷ ಆಕರ್ಷಣೆ’ ಎಂದು ಮೇಲೆ ಬರೆದು ಅದನ್ನೂ ಆಮಂತ್ರಣಕ್ಕೆ ಸೇರಿಸಿಬಿಟ್ಟರು. ಈಗ ಹಿಂದೆ ಸರಿಯುವ ಹಾಗಿರಲಿಲ್ಲ.

ರವಿವಾರ ಬೆಳಗಾಯಿತು. ಮಾಸ್ತರರು ಬೇವಿನ ಕಡ್ಡಿ ಅಗಿಯುತ್ತ ಕಟ್ಟೆಯ ಮೇಲೆ ಕೂತಿದ್ದರು. ಎದುರುಮನೆಯ ಪಕ್ಕೀರವ್ವ, ಪಕ್ಕದ ಮನೆಯವರು, ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಮಲಗಬೇಕಾಗಿದ್ದವರು, ಎಲ್ಲರೂ ಸುತ್ತ ನೆರೆದಿದ್ದರು. ನಮ್ಮೂರಲ್ಲಿ ಪುಕ್ಕಟೆ ನೋಡಲು ಏನಾದರೂ ಸಿಕ್ಕರೆ ನಾವು ನಿದ್ದೆಯನ್ನು ಲೆಕ್ಕಕ್ಕಿಡುವುದಿಲ್ಲ. ಮಾಜೀದನ ಮೋಟರ್ ಸೈಕಲ್ ಬಂದು ನಿಂತಿತು.

“ಹೇಮಕ್ಕಾ, ಒಂದು ಕಪ್ಪು ಚಾ,” ಎಂದು ಮಾಜೀದ ಕೂತುಕೊಂಡ.

“ಇಬ್ಬರಿಗೂ ತಗೊಂಡು ಬಾ,” ಎಂದರು ಮಾಸ್ತರರು.

“ನಿನಗ ಹೆಂಗ? ಚಾ ಕುಡಿಯೋದು ಇಂಗ್ಲಿಷರು ಕಲಿಸಿದ್ದು. ಅವರು ಬರೂಕಿಂತ ಮೊದಲ ನಿಮ್ಮ ಮುತ್ತಜ್ಜ ಚಾ ಕುಡದಿದ್ನೇನು?”

ಮಾಸ್ತರರು ಬೇವಿನ ಕಡ್ಡಿಯನ್ನೇ ಇನ್ನೊಂದು ಸಲ ಅಗಿದರು. ಮಾಜೀದ ಅವರ ಮುಂದೆಯೇ ಸುರ್ರೆಂದು ಸದ್ದು ಮಾಡಿ ಚಹಾ ಕುಡಿದ. ಆ ಸದ್ದು ಬೇಕಂತಲೇ ಮಾಡಿದ್ದೆಂದು ಎಲ್ಲರಿಗೂ ಗೊತ್ತಿತ್ತು.

ಹೇಮಾವತಿ ರೊಟ್ಟಿ, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ ತಂದಿಟ್ಟರು. ಜವಾರಿ ಊಟ, ಇದಕ್ಕೆ ಯಾರ ತಕರಾರು ಎಂದು ಮಾಸ್ತರರು ಕೈ ಹಾಕಿದರು.

“ತಡಿ, ತಡಿ. ಮೆಣಸಿನಕಾಯಿ ಪೋರ್ಚುಗೀಸರು ತಂದಿದ್ದು. ಶೇಂಗಾನೂ ಹಂಗ ಹಡಗ ಹತ್ತಿ ಬಂದದ್ದು. ಇದನ್ನ ಹತ್ತನೇತ್ತಾ ಹುಡುಗರಿಗೆ ನೀನ ಕಲಸ್ತಿ.”

“ಅವು ಅಮೇರಿಕಾದ ಮೂಲನಿವಾಸಿಗಳ ಬೆಳೀ! ಪಶ್ಚಿಮದವರದಲ್ಲ.”

“ತಂದವರು ಯಾರು? ಮೂಲನಿವಾಸಿ ಗಿಣಿಗೇರಾಕ್ಕ ಬಂದು ಕೊಟ್ಟು ಹೋದನೇನು?”

ಪಕ್ಕೀರವ್ವನಿಗೆ ದಿಗಿಲಾಯಿತು. “ಯವ್ವಾ, ಮೆಣಸಿನಕಾಯಿ ನಮ್ಮದಲ್ಲಂತ! ಹಂಗಾರ ಅದು ಬರೂಕಿಂತ ಮೊದಲ ನಮ್ಮ ಮಂದಿ ಜಗಳ ಹೆಂಗ ಮಾಡ್ತಿದ್ರು?” ರೊಟ್ಟಿಯನ್ನಾದರೂ ಬರಿದೇ ತಿನ್ನೋಣವೆಂದರೆ ಅದು ಗ್ಯಾಸಿನ ಮೇಲೆ ಸುಟ್ಟದ್ದು. ಪಕ್ಕೀರವ್ವ ಕನಿಕರದಿಂದ ತನ್ನ ಕಟ್ಟಿಗೆ ಒಲೆಯ ರೊಟ್ಟಿ ತಂದಳು. ಒಲೆ ಹೊತ್ತಿಸಿದ್ದು ಕಡ್ಡಿಪೆಟ್ಟಿಗೆಯಿಂದ ಎಂದು ಮಾಜೀದ ಅದನ್ನೂ ವಾಪಸು ಕಳಿಸಿದ. ಕೊನೆಗೆ ಒಂದು ಹಿಡಿ ಒಣ ಮಂಡಕ್ಕಿ ಪಂಚರ ಒಪ್ಪಿಗೆ ಪಡೆಯಿತು. ಮಾಸ್ತರರು ಅದನ್ನು ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ತಿಂದರು.

ಆಮೇಲೆ ಬಟ್ಟೆ. ಪ್ಯಾಂಟು ಹೋಯಿತು. ಗುಂಡಿಯಿದ್ದ ಅಂಗಿ ಹೋಯಿತು. ಮಾವನವರ ಕಾಲದ ಕೈಮಗ್ಗದ ಧೋತರ, ಕಸೆ ಕಟ್ಟುವ ಬಾರಾಬಂದಿ, ತಲೆಗೆ ರುಮಾಲು, ಎಲ್ಲವೂ ಟ್ರಂಕಿನಿಂದ ಹೊರಬಂದವು. ಎಲ್ಲ ಉಟ್ಟು ಮಾಸ್ತರರು ಹೊರಗೆ ಬಂದಾಗ ಅವರಿಗೆ ಹದಿನೈದು ವರ್ಷ ಹೆಚ್ಚಿದ ಹಾಗಿತ್ತು. ಮಾಜೀದ ಹತ್ತಿರ ಬಂದು ಕಿವಿಯಲ್ಲಿ ಕೇಳಿದ:

“ಒಳಗಿಂದು?”

“ಏನು ಒಳಗಿಂದು?”

“ಇಲಾಸ್ಟಿಕ್ಕು ನಮ್ಮ ಋಷಿಮುನಿಗಳು ಕಂಡುಹಿಡದಿಲ್ಲ.”

ಮಾಸ್ತರರು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಲಂಗೋಟಿಯ ಹೆಜ್ಜೆ ಇಡುತ್ತ ಹೊರಗೆ ಬಂದರು. ನೆರೆದವರೆಲ್ಲ ಏನೂ ಗೊತ್ತಿಲ್ಲದವರ ಹಾಗೆ ಆಕಾಶ ನೋಡಿದೆವು.

ಕೈಗಡಿಯಾರ, ಫೋನು, ಪೆನ್ನು, ರಬ್ಬರಿನ ಚಪ್ಪಲಿ ಒಂದೊಂದಾಗಿ ಹೇಮಾವತಿಯ ಚೀಲ ಸೇರಿದವು. ಕೊನೆಗೆ ಮಾಜೀದ ಅವರ ಮೂಗಿನ ಕಡೆ ಬೆರಳು ತೋರಿಸಿದ. ಕನ್ನಡಕ!

“ಲೇ ಮಾಜೀದ, ಅದಿಲ್ಲಂದ್ರ ನನಗ ಏನೂ ಕಾಣ್ಸಂಗಿಲ್ಲ!”

“ಇಟಲಿಯವರದು, ದೋಸ್ತ. ನಾನೇನು ಮಾಡ್ಲಿ? ನೀನ ಬರದಿದ್ದು, ‘ಒಂದು ವಸ್ತುವನ್ನೂ’ ಅಂತ.”

ಮಾಸ್ತರರು ಕನ್ನಡಕ ತೆಗೆದರು. ಗಿಣಿಗೇರಾ ಎಂಬ ಊರು ಇದ್ದಕ್ಕಿದ್ದ ಹಾಗೆ ನೀರಿನಲ್ಲಿ ನೆನೆಸಿದ ಚಿತ್ರದಂತಾಯಿತು. ಫ್ಯಾಕ್ಟರಿಯ ಹೊಗೆಯೂ ಆಕಾಶವೂ ಒಂದೇ ಆದವು. ಎದುರಿಗೆ ದೊಡ್ಡದಾಗಿ ನಿಂತಿದ್ದ ಆಕಾರವೊಂದಕ್ಕೆ ಅವರು ಗೌರವದಿಂದ ಕೈ ಮುಗಿದು, “ಬಂದ್ರಿ, ಹೆಡ್ಮಾಸ್ತರ?” ಎಂದರು. ಪಕ್ಕೀರವ್ವನ ಎಮ್ಮೆ ತಲೆ ಅಲ್ಲಾಡಿಸಿತು.

“ಇನ್ನೊಂದು ಮಾತೈತಿ,” ಎಂದ ಮಾಜೀದ. “ಇವತ್ತು ರವಿವಾರ. ರವಿವಾರದ ಸೂಟಿನೂ ಅವರ ಪದ್ಧತಿ. ಸಾಲಿಗೆ ಹೋಗ್ತಿ ಏನು?”

ಗುಂಪಿನಲ್ಲಿದ್ದ ಇನ್ನಿಬ್ಬರು ಮಾಸ್ತರರು, “ಅಷ್ಟು ದೂರ ಹೋಗೂದು ಬ್ಯಾಡ್ರಿ, ಸೂಟಿ ನಮ್ಮದ,” ಎಂದು ಗಾಬರಿಯಿಂದ ಕೂಗಿದರು. ಮಾಜೀದನಿಗೂ ತನ್ನ ರಜೆಯ ನೆನಪಾಗಿ ಆ ಮಾತನ್ನು ಅಲ್ಲಿಗೇ ಬಿಟ್ಟ.

ಈಗ ಕೊಪ್ಪಳಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಬಸ್ಸು, ಆಟೋ, ರೈಲು ಯಾವುದೂ ನಡೆಯುವ ಹಾಗಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್. ಕಿಲೋಮೀಟರ್ ಎನ್ನಬಾರದೆಂದು ಪಂಚರು ತಿದ್ದಿದ್ದರಿಂದ ಎರಡೂವರೆ ಹರದಾರಿ. ಡಾಂಬರು ಕಾದಿರುವಾಗ ಬರಿಗಾಲಲ್ಲಿ ನಡೆದರೆ ಪಾದವೇ ರೊಟ್ಟಿಯಾಗುತ್ತದೆ. ಬಂಡಿ ಹುಡುಕಲು ನಾವೆಲ್ಲ ಊರಿಡೀ ತಿರುಗಿದೆವು. ಸಿಕ್ಕವೆಲ್ಲ ಟೈರಿನ ಬಂಡಿಗಳು. ಒಂದು ಕಡೆ ಕಟ್ಟಿಗೆ ಗಾಲಿಯದು ಸಿಕ್ಕಿತು; ಅದಕ್ಕೆ ಕಟ್ಟುವ ಎತ್ತು ಜರ್ಸಿ ಹೋರಿ ಎಂದು ತಿಳಿಯಿತು. ಕಣ್ಣು ಕಾಣದ ಮಾಸ್ತರರೇ ಅದರ ಬೆನ್ನು ತಡವಿ, “ಇದಕ್ಕ ಡುಬ್ಬ ಇಲ್ಲ, ಇದು ವಿದೇಶಿ,” ಎಂದು ಕಂಡುಹಿಡಿದು ದುಃಖಿಸಿದರು.

ಅಷ್ಟರಲ್ಲಿ ಮಾಜೀದನ ಫೋನು ಬಡಿದುಕೊಂಡಿತು. ಅಮರಪ್ಪ. “ಮಂದಿ ಬರೂ ಹಂಗ ಕಾಣ್ತೈತ್ರಿ! ವಿಶೇಷ ಆಕರ್ಷಣೆ ಎಲ್ಲೈತಿ?”

“ನೋಡು ದೋಸ್ತ,” ಎಂದ ಮಾಜೀದ, “ನಾನು ಮುಂದ ಹೋಗಿ ಅವರಿಗೆ ಸಮಾಧಾನ ಹೇಳ್ತೀನಿ. ಹೇಮಕ್ಕ ಚೀಲ ಹಿಡಕೊಂಡು ಬಸ್ಸಿಗೆ ಬರ್ಲಿ. ಹೊತ್ತು ಮುಳುಗಿದ ಮ್ಯಾಲೆ ನಿನ್ನ ಸಾಮಾನು ನಿನಗ. ಹೈವೇ ಢಾಬಾದ ಮುಂದ ಚಂದಕ್ಕಂತ ಒಂದು ಕಟ್ಟಿಗಿ ಗಾಲಿ ಬಂಡಿ ನಿಲ್ಲಿಸ್ಯಾರ. ಕೇಳಿ ನೋಡು. ನಿನ್ನ ಮ್ಯಾಲೆ ನನಗ ಭರೋಸಾ ಐತಿ.”

ಮಾಸ್ತರರು ಒಬ್ಬರೇ ಉಳಿದರು. ನಾವೂ ಉಪನ್ಯಾಸ ಕೇಳಲು ಹೊರಡಬೇಕಿತ್ತು, ಬಸ್ಸು ಹಿಡಿದು ಕೊಪ್ಪಳಕ್ಕೆ ಹೋದೆವು. ಪಶ್ಚಿಮ ಬಿಡುವುದಾಗಿ ಬರೆದವರು ಅವರು, ನಾವಲ್ಲ.

ಢಾಬಾದ ಮುಂದೆ ಮಾಸ್ತರರಿಗೆ ಬಣ್ಣಬಣ್ಣದ ದೊಡ್ಡದೊಂದು ಆಕಾರ ಕಂಡಿತು. ಹತ್ತಿರ ಹೋದರೆ ಗೆಜ್ಜೆಯ ಸದ್ದು. ಬಂಡಿ ಕಟ್ಟಿಯೇ ನಿಂತಿತ್ತು! ಅವರು ಬಾಯಿ ತೆರೆಯುವ ಮೊದಲೇ ಬಂಡಿ ಹೊಡೆಯುವ ಓಬಳೆಪ್ಪ ಜಿಗಿದು ಕೆಳಗಿಳಿದ.

“ಬರ್ರಿ ಯಜಮಾನ್ರ, ನಿಮ್ಮ ಹಾದೀನ ನೋಡಾಕತ್ತಿದ್ದೆ. ಧೋತರ, ರುಮಾಲು ನೋಡೀನೇ ಗುರ್ತು ಸಿಕ್ತು. ಕೊಪ್ಪಳಕ್ಕ ಅಲ್ರಿ? ಹತ್ರಿ ಹತ್ರಿ.”

ಮಾಸ್ತರರ ಕಣ್ಣು ತುಂಬಿ ಬಂತು. ಮಾಜೀದ ಬಾಯಿಂದ ಎಷ್ಟೇ ಕಾಡಿದರೂ ಹೋಗುವಾಗ ಬಂಡಿ ಗೊತ್ತು ಮಾಡಿಟ್ಟೇ ಹೋಗಿದ್ದಾನೆ, ಎಂಥ ಗೆಳೆಯ! “ಎತ್ತು ಯಾವ ಜಾತಿವು?” ಎಂದು ಕೇಳಿದರು. “ಕಿಲಾರಿ ರೀ, ಅಪ್ಪಟ ಜವಾರಿ,” ಎಂದ ಓಬಳೆಪ್ಪ. ಮಾಸ್ತರರು ನೆಮ್ಮದಿಯಿಂದ ಹತ್ತಿ ಕೂತರು.

ಬಂಡಿ ಹೊರಟಿತು. ಅದಿರಿನ ಲಾರಿಗಳು ಹಾರನ್ನು ಹೊಡೆಯುತ್ತ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಒಂದು ಹಾರನ್ನಿಗೆ ಎತ್ತುಗಳು ಬೆಚ್ಚಿ ರಸ್ತೆ ಬಿಟ್ಟು ಮೆಕ್ಕೆಜೋಳದ ಹೊಲಕ್ಕೆ ಇಳಿದವು. ಅಲ್ಲಿ ತಿನ್ನಲು ಸಿಕ್ಕಿದ್ದರಿಂದ ಹೊರಗೆ ಬರಲು ಒಪ್ಪಲಿಲ್ಲ. ಮೆಕ್ಕೆಜೋಳವೂ ಹಡಗಿನಲ್ಲಿ ಬಂದದ್ದೇ ಎಂದು ಅವಕ್ಕೆ ಹೇಳುವವರಾರು? ಹೊಲದ ಯಜಮಾನ ಬಂದು ಬೈದು ಹೊರಗೆ ಅಟ್ಟುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಗಂಟೆ ಎಷ್ಟೆಂದು ಕೇಳುವ ಹಾಗೂ ಇಲ್ಲ. ಗಂಟೆಯೂ ಅವರದೇ.

ಹೊಟ್ಟೆಯ ಕೂಗು ಕೇಳದಿರಲೆಂದು ಮಾಸ್ತರರು ಉಪನ್ಯಾಸ ಬಾಯಿಪಾಠ ಮಾಡತೊಡಗಿದರು. ಓಬಳೆಪ್ಪ ಹಿಂದಿರುಗಿ ನೋಡಿದ.

“ಯಾರಿಗೆ ಬೈಯಾಕತ್ತೀರಿ ಯಜಮಾನ್ರ?”

“ಬೈಯಾಕತ್ತಿಲ್ಲಪಾ. ಪಶ್ಚಿಮದವರು ಯಾಕ ಮುಂದ ಬಂದ್ರು, ಈಗ ಯಾಕ ಮುಳುಗಾಕತ್ತಾರ ಅಂತ ಹೇಳಾಕತ್ತೀನಿ.”

“ಯಾಕ ಮುಂದ ಬಂದ್ರು?”

ಮಾಸ್ತರರಿಗೆ ಹುರುಪು ಬಂತು. ಶಾಲೆಯಲ್ಲಿ ಯಾವ ಹುಡುಗನೂ ಕೇಳದ ಪ್ರಶ್ನೆಯನ್ನು ಬಂಡಿಯವನು ಕೇಳಿದ್ದ. “ಹಸಿವು! ಅವರ ನಾಡಿನಾಗ ಏಲಕ್ಕಿ ಇಲ್ಲ, ಕಾಳುಮೆಣಸಿಲ್ಲ, ಉಡಾಕ ಛಲೋ ಅರಿವಿ ಇಲ್ಲ. ಮನ್ಯಾಗ ಏನೂ ಇಲ್ಲದಾವ ಹೊರಗ ಬೀಳ್ತಾನ. ಹಡಗ ಹತ್ತಿದ್ರು. ಕಂಡದ್ದು ಕಲತ್ರು, ಕೇಳಿ ತಗೊಂಡ್ರು, ಕೊಡದಿದ್ರ ಕಸಗೊಂಡ್ರು. ನಾವು ಹೊಟ್ಟಿ ತುಂಬಿದವರು, ಕಟ್ಟಿ ಮ್ಯಾಲೆ ಕುಂತು ಅವರಿಗೆ ಹಾದಿ ತೋರಿಸಿದ್ವಿ.”

“ಈಗ?”

“ಈಗ ಅವರ ಹೊಟ್ಟಿ ತುಂಬೇತಿ. ಅವರು ಕಟ್ಟಿ ಮ್ಯಾಲೆ ಕುಂತಾರ. ಕುಂತವರು ಮುಳುಗೇ ಮುಳುಗ್ತಾರ.”

ಓಬಳೆಪ್ಪ ಎತ್ತಿನ ಬಾಲ ತಿರುವಿದ. “ಹಂಗಾರ ಈಗ ಹಸದವರು ಯಾರ್ರಿ?”

“ಸದ್ಯಕ್ಕ ನಾನು,” ಎಂದರು ಮಾಸ್ತರರು. ಆ ಒಂದು ಮಾತಿನಲ್ಲಿ ಯಾವ ವಾದವೂ ಇರಲಿಲ್ಲ.

ಕೊಪ್ಪಳ ಬಂದಾಗ ಸೂರ್ಯ ಇನ್ನೂ ಇದ್ದ, ಆದರೆ ಕೆಳಗಿಳಿದಿದ್ದ. ಬಂಡಿ ಒಂದು ತಿರುವಿನಲ್ಲಿ ನಿಂತಿತು. ಒಮ್ಮೆಗೇ ಡೊಳ್ಳು ಬಡಿಯತೊಡಗಿತು. “ಬಂದ್ರು, ಬಂದ್ರು!” ಎಂಬ ಕೂಗು. ಯಾರೋ ಕೈ ಹಿಡಿದು ಇಳಿಸಿಕೊಂಡರು, ಯಾರೋ ಹಾರ ಹಾಕಿದರು, ತಲೆಯ ಮೇಲೆ ಹೂವು ಬಿದ್ದವು. ಮಂಜು ಮಂಜಾಗಿ ಕೆಂಪು ಹಳದಿ ದೀಪಗಳು, ಗಿಜಿಗುಡುವ ಜನ. ವಿಚಾರ ಬಳಗದ ಸಭೆಗೆ ಇಷ್ಟು ಜನ ಸೇರಿದ್ದನ್ನು ಮಾಸ್ತರರು ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ಒಳಗೆ ಹಿಡಿಸದೆ ಸಭೆಯನ್ನು ಹೊರಗೇ ಇಟ್ಟಿದ್ದಾರೆ ಎಂದುಕೊಂಡರು. ಎದೆ ಉಬ್ಬಿ ಬಾರಾಬಂದಿಯ ಒಂದು ಕಸೆ ಹರಿಯಿತು.

“ನಾನು ಮುನವ್ವರ ರೀ,” ಎಂದಿತು ಪಕ್ಕದ ದನಿ. “ಭಾಳ ಛಲೋ ಕಾಣಾಕತ್ತೀರಿ ಅಜ್ಜಾರ. ಬರ್ರಿ, ಮೊದಲ ರಿಬ್ಬನ್ ಕತ್ತರಸ್ರಿ.”

‘ಅಜ್ಜಾರ’ ಎಂದದ್ದು ಮಾಸ್ತರರಿಗೆ ಸ್ವಲ್ಪ ಚುಚ್ಚಿತು. ಆದರೂ ಮುಖ್ಯ ಉಪನ್ಯಾಸಕರಿಗೆ ಕೊಡುವ ಮರ್ಯಾದೆ ಹೀಗೆಯೇ ಇರಬೇಕು, ತಮಗೇನು ಗೊತ್ತು, ಎಂದು ತಾಳಿಕೊಂಡರು. ಕತ್ತರಿ ಕೈಗೆ ಬಂತು, ರಿಬ್ಬನ್ನು ಕತ್ತರಿಸಿದರು. ಕ್ಯಾಮೆರಾಗಳು ಮಿಂಚಿದವು. ಯಾರೋ ಬಾಯಿಯ ಹತ್ತಿರ ಮೈಕು ತಂದರು. ಮಾಸ್ತರರು ಅದನ್ನು ಹಾವು ಕಂಡವರ ಹಾಗೆ ದೂಡಿದರು. “ಬ್ಯಾಡ! ನನ್ನ ದನಿ ಸಾಕು,” ಎಂದು ಬರಿಗಂಟಲಲ್ಲಿ ಶುರು ಮಾಡಿದರು.

“ಬಂಧುಗಳೇ! ಪಶ್ಚಿಮದ ಕಾಲ ಮುಗಿಯಿತು!”

ಜನ ಹೋ ಎಂದು ಕೂಗಿದರು. ಸಿಳ್ಳೆ ಬಿದ್ದವು. ವಂದನಾರ್ಪಣೆಗೆ ಯಾರೂ ಎಂದೂ ಸಿಳ್ಳೆ ಹಾಕಿದ್ದಿಲ್ಲ.

“ಅವರ ಉಡುಗೆ, ಅವರ ಊಟ, ಅವರ ಆಟ, ಎಲ್ಲ ಇನ್ನು ನಾಲ್ಕೇ ದಿನ!”

“ನಾಲ್ಕೇ ದಿನ ಅಂತ, ಲಗೂನ ಬರ್ರಿ!” ಎಂದು ಮುನವ್ವರ ಮೈಕಿನಲ್ಲಿ ಕೂಗಿದ. ನೂಕುನುಗ್ಗಲು ಜೋರಾಯಿತು. ಮಾಸ್ತರರು ಹಸಿವಿನ ಸಿದ್ಧಾಂತ, ಹಡಗಿನ ಸಿದ್ಧಾಂತ, ಕಟ್ಟೆಯ ಸಿದ್ಧಾಂತ ಮೂರನ್ನೂ ಬಿತ್ತರಿಸಿದರು. ಪ್ರತಿ ಮಾತಿಗೂ ನಗು, ಪ್ರತಿ ವಾಕ್ಯಕ್ಕೂ ಚಪ್ಪಾಳೆ. ಇಷ್ಟು ವರ್ಷ ಇದೆಲ್ಲ ತಮ್ಮ ಪಾಲಿಗೆ ಬಾರದೆ ಹೋಯಿತಲ್ಲ ಎಂದುಕೊಂಡು ದನಿಯನ್ನು ಇನ್ನಷ್ಟು ಏರಿಸಿದರು.

ಭಾಷಣ ಮುಗಿದ ಕೂಡಲೇ ಮುನವ್ವರ ಬಿಸಿಬಿಸಿಯಾದದ್ದೊಂದನ್ನು ಕೈಗಿಟ್ಟ. “ಬಾಯಾಗ ಹಾಕ್ಕೋರಿ ಅಜ್ಜಾರ.”

ಮಾಸ್ತರರು ಮುಟ್ಟಿ ನೋಡಿದರು. ಹಿಟ್ಟಿನದು, ದುಂಡನೆಯ ರೊಟ್ಟಿಯಿಂದ ಕತ್ತರಿಸಿದ ತುಂಡು. ಮೇಲೆ ಬೆಣ್ಣೆಯೋ ಏನೋ ಜಿಗಿಜಿಗಿ. ಪಂಚ ಹತ್ತಿರವಿಲ್ಲ, ಹೊಟ್ಟೆಯಲ್ಲಿ ಮಂಡಕ್ಕಿಯ ನೆನಪೂ ಉಳಿದಿಲ್ಲ. ಒಂದು ತಿಂದರು, ಇನ್ನೊಂದು ತಿಂದರು, ನಾಲ್ಕನೆಯದಕ್ಕೆ ತಾವೇ ಕೈ ಚಾಚಿದರು. ಒಬ್ಬ ಯುವಕ ಫೋನು ಹಿಡಿದು, “ಹೆಂಗೈತ್ರಿ ಅಜ್ಜಾರ?” ಎಂದು ಕೇಳಿದ.

“ಇಂಥ ರೊಟ್ಟಿ,” ಎಂದರು ಮಾಸ್ತರರು ತುಂಬಿದ ಬಾಯಲ್ಲಿ, “ಪಶ್ಚಿಮದವರು ಏಳು ತಲಿಮಾರಿನಾಗ ತಿಂದಿಲ್ಲ!”

ಡೊಳ್ಳು ಇನ್ನೊಮ್ಮೆ ಬಡಿಯಿತು. ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಬಂದ ಪರಿಚಯದ ದನಿಯೊಂದು ಕಿವಿಗೆ ಬಿತ್ತು.

“ಅಯ್ಯ ನಿಮ್ಮ! ಏನ ತಿನ್ನಾಕತ್ತೀರಿ ಇಲ್ಲಿ?”

“ರೊಟ್ಟಿ. ಹೇಮಾ, ನೀನೂ ತಿನ್ನು, ಭಾಳ ಛಲೋ ಮಾಡ್ಯಾರ. ನನ್ನ ಉಪನ್ಯಾಸ ಕೇಳಿದ್ಯೋ ಇಲ್ಲೋ?”

ಹೇಮಾವತಿ ಚೀಲದಿಂದ ಕನ್ನಡಕ ತೆಗೆದು ಗಂಡನ ಮೂಗಿನ ಮೇಲೆ ಇಟ್ಟರು. ಜಗತ್ತು ಸರಕ್ಕನೆ ತನ್ನ ಜಾಗಕ್ಕೆ ಬಂತು. ಮಾಸ್ತರರು ತಲೆ ಎತ್ತಿದರು. ಮೇಲೆ ಝಗಮಗಿಸುವ ಬೋರ್ಡು: ‘ಮುನವ್ವರ ಅವರ ವೆಸ್ಟರ್ನ್ ಪಿಜ್ಜಾ ಬರ್ಗರ್. ಇಂದು ಶುಭಾರಂಭ.’ ಕೈಯಲ್ಲಿ ಅರ್ಧ ತಿಂದ ತುಂಡು. ಅದರ ಮೇಲೆ ಟೊಮೆಟೊ, ಮೆಣಸಿನಕಾಯಿ, ಮೆಕ್ಕೆಜೋಳ. ಬೆಳಿಗ್ಗೆ ಬಾಗಿಲಲ್ಲೇ ತಡೆದ ಮೆಣಸಿನಕಾಯಿ ಸಂಜೆಗೆ ತನ್ನ ಹಡಗಿನ ಬಳಗವನ್ನೆಲ್ಲ ಕಟ್ಟಿಕೊಂಡು ಬಂದು ಕೂತಿತ್ತು.

ಮುನವ್ವರನಿಗೂ ಈಗಷ್ಟೇ ಅನುಮಾನ ಬಂತು. “ನೀವು ತಳಕಲ್ಲಿನ ದೊಡ್ಡಾಟದ ಅಜ್ಜಾರ ಅಲ್ಲೇನ್ರಿ? ಜವಾರಿ ಹಿರಿಯರೊಬ್ಬರು ಬಂಡ್ಯಾಗ ಬಂದು ಪಿಜ್ಜಾ ತಿಂದ್ರ ರೀಲ್ಸ್ ಭಾಳ ಓಡ್ತೈತಿ ಅಂತ ಅವರಿಗೆ ಫೋನಿನಾಗ ಹೇಳಿದ್ದೆ. ಢಾಬಾದಿಂದ ಬಂಡಿ ಕಳಿಸಿದ್ದೂ ನಾನ. ಪಶ್ಚಿಮದ ಕಾಲ ಮುಗೀತು ಅಂತ ನಗಸೂದು ಅವರ ವೇಷದ ಮಾತು ಅಂತ ತಿಳಕೊಂಡಿದ್ವಿ.”

ಓಬಳೆಪ್ಪ ಎತ್ತಿನ ಮರೆಗೆ ಸರಿದ. ಅವನದೇನು ತಪ್ಪು? ಧೋತರ ರುಮಾಲು ಉಟ್ಟ ಮನುಷ್ಯ ಈ ಕಾಲದಲ್ಲಿ ಒಬ್ಬನೇ ಇರುತ್ತಾನೆ ಎಂದು ನಂಬಿದ್ದ.

“ಹೇಮಾ, ಸಭಾ?” ಎಂದರು ಮಾಸ್ತರರು ಕ್ಷೀಣವಾಗಿ.

“ಐದಕ್ಕ ಚಾಲೂ ಆತು. ಮಂದಿ ಎದ್ದು ಹೋಗಾಕತ್ತಿದ್ರು. ಅಮರಪ್ಪನವರು ಮಾಜೀದನ್ನ ಹಿಡದು ನಿಲ್ಲಿಸಿದ್ರು.”

“ಮಾಜೀದ? ಗಣಿತದ ಮಾಜೀದ? ಅಂವ ಏನು ಹೇಳ್ದ?”

ಹೇಮಾವತಿಗೆ ಹೇಳುವುದೋ ಬಿಡುವುದೋ ಎಂದು ಸಂಕಟವಾಯಿತು. “ಪಶ್ಚಿಮದವರು ಯಾಕ ಮುಂದ ಬಂದ್ರು ಅಂದ್ರ, ಐದಕ್ಕ ಅಂದ್ರ ಐದಕ್ಕ ಬಂದ್ರು ಅಂದ. ನಮ್ಮ ಮುಖ್ಯ ಉಪನ್ಯಾಸಕರು ಇನ್ನೂ ಹಾದ್ಯಾಗ ಅದಾರ ಅಂದ. ಮಂದಿ ಬಿದ್ದು ಬಿದ್ದು ನಕ್ರು. ಆಮ್ಯಾಲೆ ಪಶ್ಚಿಮ ಮುಳಗತೈತೋ ಇಲ್ಲೋ ಅಂತ ಹೇಳೂದ್ರಾಗ ಇದ್ದ, ಅಷ್ಟರಾಗ ಎಲ್ಲಾರ ಫೋನಿಗೂ ನೀವು ಈ ಅಂಗಡಿ ರಿಬ್ಬನ್ ಕತ್ತರಸೂ ಫೋಟೋ ಬಂತು. ಅದನ್ನ ಪರದೆ ಮ್ಯಾಲೆ ದೊಡ್ಡದು ಮಾಡಿ ತೋರಿಸಿದ. ‘ಅಲ್ಲಿ ಮುಳಗತೈತೋ ಏನೋ ಗೊತ್ತಿಲ್ಲ, ಕೊಪ್ಪಳದಾಗ ಮಾತ್ರ ಈಗ ಹುಟ್ಟಾಕತ್ತೈತಿ’ ಅಂದು ಕುಂತ. ಎಲ್ಲಾರೂ ಎದ್ದು ನಿಂತು ಚಪ್ಪಾಳಿ ಹೊಡದ್ರು.”

ಆ ಚಪ್ಪಾಳೆಯಲ್ಲಿ ನಮ್ಮ ಕೈಗಳೂ ಇದ್ದವು. ಸುಳ್ಳು ಹೇಳಬಾರದು, ನಾವೇ ಮೊದಲು ಎದ್ದವರು.

ಮಾಸ್ತರರು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುನವ್ವರ ಒಳ್ಳೆಯ ಮನುಷ್ಯ, ಬಂದು ಪಕ್ಕದಲ್ಲಿ ಕೂತ. “ಬ್ಯಾಸರ ಮಾಡ್ಕೋಬ್ಯಾಡ್ರಿ ಸರ. ಆ ಅಜ್ಜನಕಿಂತ ನೀವ ಛಲೋ ಮಾತಾಡಿದ್ರಿ. ಮುಂದಿನ ತಿಂಗಳ ಯಲಬುರ್ಗಾದಾಗ ಒಂದು, ಗಂಗಾವತ್ಯಾಗ ಒಂದು ಅಂಗಡಿ ತಗ್ಯಾಕತ್ತೀನಿ. ಎರಡಕ್ಕೂ ನೀವ ಬರಬೇಕು. ಇದ ಭಾಷಣ, ಇದ ರುಮಾಲು.”

ಉಪನ್ಯಾಸಕ್ಕೆಂದು ಬಂದ ಎರಡನೆಯ ಮತ್ತು ಮೂರನೆಯ ಕರೆ ಇವು. ಮಾಸ್ತರರು ಆಗಲಿ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. ಕೈಯಲ್ಲಿದ್ದ ತುಂಡನ್ನು ಎಸೆಯಲು ಮನಸ್ಸಾಗದೆ ಪೂರ್ತಿ ತಿಂದರು.

ಹೇಮಾವತಿಯ ಫೋನು ಬಡಿಯಿತು. ಅಮರಪ್ಪನವರ ದನಿ ಆಚೆಗೂ ಕೇಳುವಷ್ಟು ಜೋರಾಗಿತ್ತು.

“ಅಕ್ಕಾರ, ಸರ್ ಸಿಕ್ರೇನ್ರಿ? ಉಪನ್ಯಾಸ ಭಾಳ ಛಲೋ ಆತು. ಆದ್ರ ವಂದನಾರ್ಪಣೆಗೆ ಯಾರೂ ಇಲ್ಲ, ಮಂದಿ ಚಪ್ಪಲಿ ಹುಡಕಾಕತ್ತಾರ. ಲಗೂನ ಕಳಸ್ರಿ. ಬಂಡಿ ಬ್ಯಾಡ್ರಿ ಮತ್ತ, ಆಟೋ ಹತ್ತಸ್ರಿ!”

ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಮಾಸ್ತರರು ಒಮ್ಮೆ ಅದರ ಕಡೆ ನೋಡಿದರು, ಒಮ್ಮೆ ಆಟೋದ ಕಡೆ ನೋಡಿದರು, ಹತ್ತಿ ಕೂತರು.

ಪೆಂಡಾಲಿನವರು ಕುರ್ಚಿ ಮಡಚುತ್ತಿದ್ದರು. ಧೋತರ, ರುಮಾಲು, ಕೊರಳಲ್ಲಿ ಪಿಜ್ಜಾ ಅಂಗಡಿಯ ಹಾರ, ಮೂಗಿನ ಮೇಲೆ ಇಟಲಿಯ ಕನ್ನಡಕ. ಮಾಸ್ತರರು ಮೈಕು ಹಿಡಿದು ಗಂಟಲು ಸರಿಮಾಡಿಕೊಂಡರು. ಮುಂದಿನ ಸಾಲಿನಲ್ಲಿ ಮೈಸೂರು ಪೇಟ ಸುತ್ತಿಸಿಕೊಂಡು, ಶಾಲು ಹೊದ್ದು ಮಾಜೀದ ಕೂತಿದ್ದ. ಇಪ್ಪತ್ತು ವರ್ಷದ ಅಭ್ಯಾಸ; ಬಾಯಿ ತಾನಾಗಿಯೇ ತೆರೆಯಿತು.

“ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟು, ಹೊತ್ತಿಗೆ ಸರಿಯಾಗಿ ಆಗಮಿಸಿದ ಮುಖ್ಯ ಉಪನ್ಯಾಸಕರಿಗೆ...”

ಮಾಜೀದ ಎದ್ದು ನಿಂತು ಕೈ ಮುಗಿದ.